ಮಗ್ಗದ ಕುಣಿಯ ತಂಪು

ನಮ್ಮ ಬೆಟಗೇರಿಯ ಓಣಿಯಲ್ಲಿ ಪೈಪು ಎಲ್ಲಿ ಸೋರುತ್ತದೆ ಎಂದು ಹುಡುಕಬೇಕಾದರೆ ಮೊದಲು ನಳಕ್ಕೆ ನೀರು ಬರಬೇಕು. ಅದು ಬರುವುದು ಒಂಬತ್ತು ದಿನಕ್ಕೊಮ್ಮೆ, ಎರಡು ತಾಸು. ಆ ಎರಡು ತಾಸಿನಲ್ಲಿ ಓಣಿಯವರ ಪೈಪುಗಳೆಲ್ಲ ಒಟ್ಟಿಗೇ ಸೋರುತ್ತವೆ, ಎಲ್ಲರೂ ಒಟ್ಟಿಗೇ ಪ್ಲಂಬರ್ ಬುಡ್ಡೇಸಾಬನಿಗೆ ಫೋನು ಮಾಡುತ್ತಾರೆ. ಉಳಿದ ಎಂಟು ದಿನ ಚಹಾದಂಗಡಿಯ ಮುಂದೆ ಕಾಲಮೇಲೆ ಕಾಲು ಹಾಕಿಕೊಂಡು ಕೂರುವ ಮನುಷ್ಯ ಆ ದಿನ ಮಾತ್ರ ಕೈಗೆ ಸಿಗುವುದಿಲ್ಲ.

ನಾನು ಚಂದ್ರವ್ವ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನವರೂ ಹೇಳುತ್ತಿದ್ದರು, ಗಂಡನ ಮನೆಯವರೂ ಹೇಳುತ್ತಾರೆ. ಎರಡೂ ಮನೆಯವರು ಒಪ್ಪಿದ ಮಾತು ಅದೊಂದೇ. ನನ್ನ ಗಂಡ ಅಂದಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾರೆ. ರಸ್ತೆಗೆ ಹತ್ತಿದ ಪಡಸಾಲೆಯಲ್ಲಿ ಮಗ್ಗ, ಮಗ್ಗದ ಕೆಳಗೆ ಮೊಣಕಾಲು ಮುಳುಗುವಷ್ಟು ಆಳದ ಕುಣಿ. ಆ ಕುಣಿಗೆ ಕಾಲು ಇಳಿಬಿಟ್ಟುಕೊಂಡು ಕೂತು ತುಳಿಯುತ್ತ ನೇಯಬೇಕು. ರಸ್ತೆಯಿಂದ ಬರುವ ನೀರಿನ ಪೈಪು ಅದೇ ಪಡಸಾಲೆಯ ಫರಸಿ ಕಲ್ಲುಗಳ ಕೆಳಗೆ ಹಾದು ಹಿತ್ತಲಿನ ಟಾಕಿಗೆ ಹೋಗುತ್ತದೆ.

ಪಕ್ಕದ ಮನೆ ಮೆಹನಾಜಳದು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಹನ್ನೊಂದು ವರ್ಷದಿಂದ ನಮ್ಮ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದವಳು ಅವಳು. ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ನೂಲು ಸುತ್ತುವುದು ನೋಡಲು ಹಗುರ ಕೆಲಸ, ಆದರೆ ಒಂದಿಷ್ಟು ಸಡಿಲವಾದರೂ ಲಾಳಿಯಲ್ಲೇ ಸಿಕ್ಕಾಗುತ್ತದೆ. ಹತ್ತು ಗಂಟೆಗೆ ಅವಳು ಬಂದು ರಾಟಿಯ ಮುಂದೆ ಕೂತರೆ ಅವಳ ಕೈಗೂ ಬಿಡುವಿಲ್ಲ, ನನ್ನ ಕೈಗೂ ಬಿಡುವಿಲ್ಲ, ಇಬ್ಬರ ಬಾಯಿಗಂತೂ ಇಲ್ಲವೇ ಇಲ್ಲ. ಮನೆಯ ಕಷ್ಟಸುಖ, ಊರಿನ ಖಬರು ಎಲ್ಲ ಆ ರಾಟಿಯ ಸುತ್ತಲೇ ತಿರುಗುತ್ತಿದ್ದವು.

ಈ ವರ್ಷ ಶಿವರಾತ್ರಿ ಮುಗಿಯುತ್ತಲೇ ನಮ್ಮ ನಳದ ನೀರು ಸಣ್ಣಗಾಯಿತು. ತುಂಬಿ ತುಳುಕುತ್ತಿದ್ದ ಟಾಕಿ ಅರ್ಧಕ್ಕೆ ನಿಂತಿತು. ಅದೇ ವಾರ ಮೆಹನಾಜಳ ಬಾಗಿಲಲ್ಲಿ ಹೊಸ ಮೋಟರಿನ ಡಬ್ಬಿ ನೋಡಿದೆ. ಕೆಲವರು ಮೋಟರನ್ನು ನೇರ ರಸ್ತೆಯ ಪೈಪಿಗೇ ಹಚ್ಚಿ ಅಕ್ಕಪಕ್ಕದವರ ನೀರನ್ನೂ ಎಳೆದುಕೊಳ್ಳುವುದುಂಟು. ನನ್ನ ತಲೆ ಎರಡಕ್ಕೂ ಗಂಟು ಹಾಕಿತು. ಮುಂದಿನ ನೀರಿನ ದಿನ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ, ಅವಳು ಹೊರಗೆ ಬರುವುದನ್ನೇ ಕಾದು ಕೇಳಿದೆ.

“ಹನ್ನೊಂದು ವರ್ಷ ನಮ್ಮ ಮನ್ಯಾಗ ಕುಂತು ಚಹಾ ಕುಡದಿ. ಈಗ ನಮ್ಮ ಪಾಲಿನ ನೀರಿಗೂ ಮೋಟರ್ ಹಚ್ಚೀಯೇನ?”

ಮೆಹನಾಜ ನನ್ನನ್ನು ನೋಡಿದಳು. ತನ್ನ ಕೊಡ ಎತ್ತಿಕೊಂಡು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಸುತ್ತಿ ಮುಗಿಸಿದ ಕಂಡಿಕೆಗಳ ಬುಟ್ಟಿ ನಮ್ಮ ಹೊಸ್ತಿಲ ಮೇಲಿತ್ತು. ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಎರಡು ದಿನ ನಾನು ಎದೆ ಉಬ್ಬಿಸಿಕೊಂಡು ತಿರುಗಾಡಿದೆ. ಮೂರನೆಯ ದಿನದಿಂದ ರಾಟಿಯ ಮುಂದೆ ನಾನೇ ಕೂತೆ. ಸುತ್ತಿದ್ದೆಲ್ಲ ಸಡಿಲ. ಗಂಡನ ಗೊಣಗಾಟ ಬೇರೆ. ಮಾತಾಡಲು ಯಾರೂ ಇಲ್ಲದೆ ನಾಲಿಗೆ ಒಣಗಿತು. ಆದರೂ ತಪ್ಪು ನನ್ನದಿರಬಹುದೆಂಬ ಯೋಚನೆ ಹತ್ತಿರ ಸುಳಿಯಲಿಲ್ಲ. ನನ್ನ ಸ್ವಭಾವಕ್ಕೆ ಅದು ಅಷ್ಟು ಜಲ್ದಿ ಬರುವುದೂ ಇಲ್ಲ.

ಇತ್ತ ನನ್ನ ಗಂಡನಿಗೆ ಈ ಬೇಸಿಗೆ ಸುಗ್ಗಿಯಾಗಿತ್ತು. ಬೇಸಿಗೆಯ ಒಣ ಗಾಳಿಗೆ ಹಾಸಿನ ಎಳೆಗಳು ಪಟಪಟ ಹರಿಯುತ್ತವೆ. ಒಂದೊಂದು ಎಳೆ ಹರಿದಾಗಲೂ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಓಣಿಯ ಬೇರೆ ಮಗ್ಗಗಳು ಮಧ್ಯಾಹ್ನ ಹನ್ನೆರಡಕ್ಕೇ ಸುಮ್ಮನಾದರೆ ನಮ್ಮದು ಸಂಜೆಯ ತನಕ ನಡೆಯುತ್ತಿತ್ತು. ಈ ಸಲ ತಾವು ನೂಲಿಗೆ ಹಾಕುವ ಗಂಜಿಗೆ ಸ್ವಲ್ಪ ಮೆಂತ್ಯ ಬೆರೆಸಿದ್ದೇ ಕಾರಣ ಎಂದು ಅಂದಪ್ಪ ಸಾರಿದರು. ಚಹಾದಂಗಡಿಯಲ್ಲಿ ನಾಲ್ಕು ಜನ ನೇಕಾರರು ಸುತ್ತ ಕೂತು ಕೇಳುತ್ತಿದ್ದರಂತೆ. ಮನೆಗೆ ಬಂದು ಮೀಸೆ ಸವರಿಕೊಂಡು ಹೇಳುತ್ತಿದ್ದರು.

“ನಲವತ್ತು ವರ್ಷದ ಕೈ ಇದು. ಕುಣ್ಯಾಗ ಕಾಲಿಟ್ರ ಸೈತ ಹೆಂಗ ತಂಪ ಐತಿ ನೋಡು. ಭೂಮಿತಾಯಿ ಮೆಚ್ಯಾಳ.”

ಭೂಮಿತಾಯಿ ಮೆಚ್ಚಿದ್ದಾಳೆಂದು ನಾನೂ ನಂಬಿದ್ದೆ.

ಮೇ ತಿಂಗಳ ಮೊದಲಲ್ಲಿ ಒಂದು ನೀರಿನ ದಿನ ಗಾಳಿಗೆ ಕಂಬ ಬಿದ್ದು ಬೆಳಗಿನಿಂದ ಕರೆಂಟು ಇರಲಿಲ್ಲ. ಇವತ್ತು ಮೆಹನಾಜಳ ಮೋಟರು ನಡೆಯುವುದಿಲ್ಲ, ನಮ್ಮ ಟಾಕಿ ತುಂಬುತ್ತದೆ ಎಂದು ಖುಷಿಯಿಂದ ಕಾದೆ. ನೀರು ಬಂತು. ಅದೇ ಕಿರುಬೆರಳ ಗಾತ್ರದ ಧಾರೆ. ಎರಡು ತಾಸೂ ಅದೇ. ಕರೆಂಟು ಬಂದದ್ದು ನೀರು ಹೋದ ಮೇಲೆ. ಕರೆಂಟೇ ಇಲ್ಲದೆ ಮೋಟರು ನೀರು ಎಳೆಯುವುದು ಹೇಗೆ? ನಾನು ಟಾಕಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವಳು ಕದ್ದಿರಲಿಲ್ಲ. ಕಳ್ಳಿ ಎಂದು ಓಣಿಯ ತುಂಬ ನಾನು ಸಾರಿದ್ದೆ.

ಅಂದೇ ಬುಡ್ಡೇಸಾಬನಿಗೆ ಹೇಳಿ, ಮುಂದಿನ ನೀರಿನ ದಿನ ಮೊದಲು ನಮ್ಮ ಮನೆಗೇ ಬರಬೇಕೆಂದು ಮಾತು ತೆಗೆದುಕೊಂಡೆ. ಬಂದ. ಮನೆಯ ನಳಗಳನ್ನೆಲ್ಲ ಬಂದ್ ಮಾಡಿ ಬಾಗಿಲ ಬಳಿಯ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಮೀಟರಿನೊಳಗಿನ ಕೆಂಪು ಚಕ್ರ ಗಿರಗಿರ ತಿರುಗುತ್ತಲೇ ಇತ್ತು.

“ಚಂದ್ರವ್ವಾರ, ನೀರು ಮನಿಗೆ ಬರಾಕತ್ತೈತ್ರಿ. ಟಾಕಿಗೆ ಮುಟ್ಟವಲ್ದು. ನಡುವ ಎಲ್ಲೋ ಪೈಪ್ ಒಡದೈತಿ.”

“ಎಲ್ಲಿ?”

“ಅದನ್ನ ಹ್ಯಾಂಗ ಹೇಳಲಿ? ಪಡಸಾಲಿ ಫರಸಿ ಪೂರಾ ಎಬ್ಬಿಸಬೇಕು. ಮಗ್ಗ ಬಿಚ್ಚರಿ.”

ಮಗ್ಗ ಬಿಚ್ಚುವುದೆಂದರೆ ಅರ್ಧ ನೇಯ್ದ ಸೀರೆಯ ಹಾಸನ್ನು ಕತ್ತರಿಸುವುದು. ಅಂದಪ್ಪ ಎದ್ದು ಕುಣಿಯ ಮುಂದೆ ಅಡ್ಡ ನಿಂತರು.

“ನನ್ನ ಮಗ್ಗದ ಕೆಳಗ ಏನೂ ಇಲ್ಲ. ಇಷ್ಟ ಛಲೋ ನಡದೈತಿ. ಇದನ್ನ ಮುಟ್ಟಬ್ಯಾಡ್ರಿ.”

ಬುಡ್ಡೇಸಾಬ ಗಡಿಯಾರ ನೋಡಿಕೊಂಡ. ಅವನಿಗೆ ಇನ್ನೂ ಆರು ಮನೆಗಳಿದ್ದವು. ಒಂದು ತಾಸು ಬಿಟ್ಟು ಬರುತ್ತೇನೆಂದು ಹೋದ. ಆಗಲೇ ನನ್ನ ಕಣ್ಣು ಹಗ್ಗದ ಮೇಲೆ ಒಣಗಿದ್ದ ನೂಲಿನ ಲಡಿಗಳ ಮೇಲೆ ಬಿತ್ತು. ಗಂಜಿ ಹಾಕಿ ಒಣಗಿಸಿದ ನೂಲು ಹಪ್ಪಳದಂತೆ ಗರಿಗರಿ ಇರುತ್ತದೆ. ಒಂದು ಮಳೆ ಮೋಡ ಬಂದರೂ ಅದಕ್ಕೆ ಗೊತ್ತಾಗುತ್ತದೆ, ಮೆತ್ತಗಾಗಿಬಿಡುತ್ತದೆ. ಐದು ಲಡಿ ತಂದೆ. ಪೈಪು ಹಾದುಹೋದ ದಾರಿಯಲ್ಲಿ, ಬಾಗಿಲಿನಿಂದ ಹಿತ್ತಲಿನ ತನಕ, ಫರಸಿಯ ಸಂದುಗಳ ಮೇಲೆ ಒಂದೊಂದನ್ನೇ ಇಟ್ಟು, ಹೊರಗಿನ ಒಣ ಗಾಳಿ ತಾಗದ ಹಾಗೆ ಮೇಲೆ ಸ್ಟೀಲಿನ ಬೋಗುಣಿ ಬೋರಲು ಹಾಕಿದೆ.

“ಏನ ಆಟಾ ನಡಸೀ?” ಎಂದರು ಅಂದಪ್ಪ.

“ಸುಮ್ನ ಕುಂಡ್ರಿ.”

ಬುಡ್ಡೇಸಾಬ ಮರಳಿ ಬಂದ ಮೇಲೆ ಗಂಡನನ್ನು ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿದೆ. ಕೈ ಹಿಂದಕ್ಕೆ ಮಾಡಿಸಿ, ಯಾವುದು ಎಲ್ಲಿಯದೆಂದು ಹೇಳದೆ ಒಂದೊಂದೇ ಲಡಿ ಕೊಟ್ಟೆ. ಅವರ ಬೆರಳು ನೂಲಿನ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ನಾನು ಮದುವೆಯಾದಾಗಿನಿಂದ ನೋಡಿಲ್ಲ.

“ಇದು ಗರಿಗರಿ ಐತಿ,” ಎಂದರು ಮೊದಲನೆಯದಕ್ಕೆ. ಎರಡನೆಯದಕ್ಕೂ ಹಾಗೇ ಎಂದರು. ಮೂರನೆಯದನ್ನು ಹೆಬ್ಬೆರಳಿನಿಂದ ಮತ್ತೆ ಮತ್ತೆ ತಿಕ್ಕಿದರು.

“ಇದು ಮೆತ್ತಗಾಗೈತಿ. ತೊಯ್ಸಿದಂಗ ಐತಿ.” ನನ್ನ ಕಡೆ ತಿರುಗಿ ಕೇಳಿದರು. “ಎಲ್ಲೀದು ಇದು?”

“ಕುಣಿ ಬಾಜೂಕಿಂದು. ನಿಮ್ಮ ಎಡಗಾಲ ಕಡಿ.”

ಅವರು ಎದ್ದು ಪಕ್ಕಕ್ಕೆ ಸರಿದರು. ಬುಡ್ಡೇಸಾಬ ಮಗ್ಗದ ಒಂದು ಗೂಟವನ್ನೂ ಅಲುಗಿಸದೆ ಒಂದೇ ಒಂದು ಫರಸಿ ಎಬ್ಬಿಸಿದ. ಕೆಳಗಿನ ಎರೆಮಣ್ಣು ಸೆಗಣಿಯಷ್ಟು ಮೆತ್ತಗಾಗಿತ್ತು. ಮೊಳದಷ್ಟು ಅಗೆಯುವಷ್ಟರಲ್ಲಿ ನೀರು ಬುಳುಬುಳು ಎದ್ದಿತು. ಹಳೆಯ ಕಬ್ಬಿಣದ ಪೈಪು ತಿರುವಿನಲ್ಲಿ ತುಕ್ಕು ತಿಂದು ಕಾಳಿನಷ್ಟು ತೂತಾಗಿತ್ತು. ಆ ತುಂಡನ್ನು ಕೊಯ್ದು ತೆಗೆದು, ಪ್ಲಾಸ್ಟಿಕ್ ಪೈಪು ಕೂಡಿಸಿ, ಎರಡೂ ಕಡೆ ಬಿಗಿದ. ಇನ್ನೊಂದು ಸಲ ನೀರು ಬಂದು ಸೋರುವುದಿಲ್ಲವೆಂದು ಖಾತ್ರಿಯಾಗುವ ತನಕ ಮಣ್ಣು ಮುಚ್ಚಬೇಡಿರೆಂದು ಹೇಳಿ ಹೋದ.

ಅಂದಪ್ಪ ಆ ಗುಂಡಿಯ ಅಂಚಿನಲ್ಲಿ ಕೂತು ಹಸಿ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದರು.

“ಹಂಗಾರ ಎಳಿ ಹರೀಲಾರದ್ದು ಈ ತಂಪಿಗೇನ? ನನ್ನ ಗಂಜೀದು ಏನೂ ಇಲ್ಲೇನ?”

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಮದುವೆಯಾದ ಹೊಸದರಲ್ಲಿ ಮೊದಲ ಸೀರೆ ನೇಯ್ದು ನನಗೆ ತೋರಿಸಿದಾಗ ಇದ್ದ ಮುಖವೇ ಈಗಲೂ ಇತ್ತು, ನಲವತ್ತು ವರ್ಷ ಹಳೆಯದಾಗಿ. ಅವರ ಮೇಲೆ ಬಹಳ ಪ್ರೀತಿ ಬಂತು. “ಗಂಜೀನೂ ಛಲೋ ಇತ್ತು ಬಿಡ್ರಿ,” ಎಂದೆ.

ಮರುದಿನ ಅವರು ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಚಹಾದಂಗಡಿಗೆ ಹೋಗಿ, ಆ ನಾಲ್ಕು ಜನರ ಮುಂದೆಯೇ, ಎಳೆ ಉಳಿದದ್ದು ಮೆಂತ್ಯದಿಂದಲ್ಲ, ಒಡೆದ ಪೈಪಿನಿಂದ ಎಂದು ತಾವಾಗಿಯೇ ಹೇಳಿ ಬಂದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರಂತೆ. ಇವರೂ ನಕ್ಕರಂತೆ. ಮನೆಗೆ ಬಂದವರು ಎರಡು ರೊಟ್ಟಿ ಜಾಸ್ತಿ ಉಂಡರು. ಉಂಡು ಕೈ ತೊಳೆಯುತ್ತ ನನ್ನ ಕಡೆ ನೋಡಿದರು, ಆಮೇಲೆ ಮೆಹನಾಜಳ ಗೋಡೆಯ ಕಡೆ ನೋಡಿದರು. ಬಾಯಿಬಿಟ್ಟು ಒಂದು ಮಾತು ಅಂದಿದ್ದರೆ ಜಗಳವಾಡುತ್ತಿದ್ದೆ. ಅನ್ನಲಿಲ್ಲ.

ನಾನು ನೆಪ ಹುಡುಕಿದೆ. ಮುಂದಿನ ನೀರು ಬರಲಿ, ಟಾಕಿ ತುಂಬುವುದನ್ನು ಕಣ್ಣಾರೆ ನೋಡಿ ಹೋಗೋಣ ಎಂದುಕೊಂಡೆ. ಅವಳು ಮುಖದ ಮೇಲೆ ಬಾಗಿಲು ಹಾಕಿದರೆ ಏನು ಗತಿ ಎಂಬ ಹೆದರಿಕೆಗೆ ನಾನು ಕೊಟ್ಟ ಹೆಸರು ಅದು. ಅಷ್ಟರಲ್ಲಿ ಬೇಸಿಗೆಯ ಧಗೆಗೆ ತೆರೆದ ಗುಂಡಿಯ ಮಣ್ಣು ಒಣಗಿ ಬಿರುಕು ಬಿಟ್ಟಿತು. ಎಳೆಗಳು ಹರಿಯತೊಡಗಿದವು. ಮಗ್ಗ ನಾಲ್ಕು ಸಲ ಬಡಿಯುವುದು, ನಿಲ್ಲುವುದು, ಮತ್ತೆ ನಾಲ್ಕು ಸಲ ಬಡಿಯುವುದು, ನಿಲ್ಲುವುದು.

ಒಂಬತ್ತನೆಯ ದಿನ ನೀರು ಬಂತು. ಮುಕ್ಕಾಲು ತಾಸಿಗೇ ಟಾಕಿ ತುಂಬಿ ಅಂಗಳಕ್ಕೆ ಹರಿಯಿತು. ನೆಪ ಮುಗಿಯಿತು. ಒಂದು ಕೊಡ ತುಂಬಿ ಸೊಂಟಕ್ಕೇರಿಸಿಕೊಂಡು ಹೊರಗೆ ಬಂದೆ. ಓಣಿಯ ಹೆಂಗಸರೆಲ್ಲ ಅಂದಿನಂತೆಯೇ ನಿಂತಿದ್ದರು. ಮೆಹನಾಜ ತನ್ನ ಬಾಗಿಲಲ್ಲಿ ಪೈಪು ಹಿಡಿದು ಬ್ಯಾರಲ್ಲು ತುಂಬಿಸುತ್ತಿದ್ದಳು. ಅವಳ ನಳಕ್ಕೂ ನೀರು ಬಂದಿದೆ, ಅವಳಿಗೆ ನನ್ನ ಕೊಡ ಯಾತಕ್ಕೆ ಎಂಬುದು ಅಲ್ಲಿ ನಿಂತ ಮೇಲೆ ಹೊಳೆಯಿತು. ಹಿಂತಿರುಗುವ ಹಾಗಿರಲಿಲ್ಲ. ಬೈಯುವಾಗ ಎಷ್ಟು ದೊಡ್ಡ ದನಿ ತೆಗೆದಿದ್ದೆನೋ ಅಷ್ಟೇ ದೊಡ್ಡ ದನಿಯಲ್ಲಿ ಹೇಳಿದೆ.

“ಮೆಹನಾಜ, ನಿನ್ನ ಮ್ಯಾಲ ಸುಳ್ಳ ಹೊರಿಸಿದೆ. ನಮ್ಮ ನೀರು ನಮ್ಮ ಮನ್ಯಾಗ ಸೋರತಿತ್ತು, ಮಗ್ಗದ ಬುಡಕ. ನೀ ಏನೂ ತಗೊಂಡಿಲ್ಲ. ತಪ್ಪು ನಂದು. ನೀ ಇಲ್ಲದ ನನಗ ಮನ್ಯಾಗ ಇರಾಕ ಆಗವಲ್ದು.”

ಮೆಹನಾಜ ಪೈಪನ್ನು ಬ್ಯಾರಲ್ಲಿನೊಳಗೆ ಇಳಿಬಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

“ಮ್ಯಾಲಿನ ಖೋಲ್ಯಾಗ ನಮ್ಮ ಅತ್ತಿ ಅದಾರ. ಮೊಣಕಾಲ ಬ್ಯಾನಿ, ಕೆಳಗ ಇಳಿಯಾಕ ಆಗೂದಿಲ್ಲ. ನಮ್ಮ ಟಾಕ್ಯಾಗಿನ ನೀರು ಮ್ಯಾಲ ಏರಸಾಕ ತಂದ ಮೋಟರ್ ಅದು. ಒಂದ ಸಲ ಒಳಗ ಬಂದು ಕೇಳಿದ್ರ ತೋರಸ್ತಿದ್ದೆ, ಅಕ್ಕಾರ.”

“ಹೌದು. ಕೇಳಬೇಕಾಗಿತ್ತು.”

ಅವಳು ಹತ್ತಿರ ಬಂದಳು. ಕಣ್ಣು ತುಂಬಿತ್ತು, ದನಿಯಲ್ಲಿ ಮಾತ್ರ ಇನ್ನೂ ಸಿಟ್ಟಿತ್ತು.

“ಅಣ್ಣಾರ ಎಳಿ ಭಾಳ ಹರಿಯಾಕತ್ತಾವಲ್ಲ?”

“ನಿನಗ ಹ್ಯಾಂಗ ಗೊತ್ತು?”

“ನಾಕೈದು ದಿನ ಆತು, ಮಗ್ಗ ನಿಂತು ನಿಂತು ನಡದೈತಿ. ಗ್ವಾಡಿ ಆಚಿ ಕಡೆ ನಾ ಕುಂತಿರ್ತೀನಲ್ಲ. ಕೇಳತೈತಿ.”

ನನ್ನ ಸೊಂಟದ ಮೇಲಿನ ಕೊಡವನ್ನು ತನ್ನ ಸೊಂಟಕ್ಕೆ ತೆಗೆದುಕೊಂಡು ಮೆಹನಾಜ ನಮ್ಮ ಹೊಸ್ತಿಲು ದಾಟಿದಳು. ಅಂದಪ್ಪ ಕುಣಿಯಲ್ಲಿ ಕೂತು ಎಳೆಗೆ ಗಂಟು ಹಾಕುತ್ತಿದ್ದರು. “ಅಣ್ಣಾರ, ಕಾಲು ಮ್ಯಾಲ ತಗೋರಿ,” ಎಂದಳು. ಅವರು ತೆಗೆದುಕೊಂಡರು. ಅವಳು ಕುಣಿಯ ತಳಕ್ಕೆ ಹಾಸಿದ ಗೋಣಿತಾಟಿನ ಮೇಲೆ ಆ ನೀರನ್ನು ಸುತ್ತಲೂ ನಿಧಾನವಾಗಿ ಸುರಿದಳು.

“ಒಡದ ಪೈಪ್ ಕೊಡತಿದ್ದ ತಂಪನ್ನ ಕೈಲೇ ಕೊಡಾಕ ಬರ್ತೈತಲ್ಲ,” ಎಂದಳು ನನ್ನ ಕಡೆ ನೋಡಿ. “ದಿನಾ ಒಂದು ಕೊಡ ಸಾಕು.”

ಆಮೇಲೆ ರಾಟಿಯ ಮುಂದೆ ಕೂತು ನಾನು ಸುತ್ತಿದ ಕಂಡಿಕೆಯೊಂದನ್ನು ಎತ್ತಿ ಹಿಡಿದು ನೋಡಿದಳು. ಬಿಚ್ಚಿ ಮೊದಲಿನಿಂದ ಸುತ್ತತೊಡಗಿದಳು. ನಾನು ಚಹಾಕ್ಕೆ ನೀರಿಟ್ಟೆ. ಹಿತ್ತಲಿನಲ್ಲಿ ಟಾಕಿ ತುಂಬಿ ಚೆಲ್ಲುತ್ತಿತ್ತು, ನಳ ಬಂದ್ ಮಾಡುವುದು ನೆನಪಾಗಿ ಓಡಿದೆ. ಮರಳಿ ಬರುವಾಗ ಮಗ್ಗ ಶುರುವಾಗಿತ್ತು. ನಾಲ್ಕು ಬಡಿತ ಎಣಿಸಿದೆ. ಐದು, ಆರು, ಏಳು. ಆಮೇಲೆ ಮೆಹನಾಜ ತನ್ನ ಅತ್ತೆಯ ಸುದ್ದಿ ಹೇಳಲು ಶುರು ಮಾಡಿದಳು, ನನಗೆ ಎಣಿಕೆ ತಪ್ಪಿತು.