ಚಾಂದ್ ಪಾಷಾನ ಆರು–ನಾಲ್ಕು

ಚಾಂದ್ ಪಾಷಾನಷ್ಟು ಅಚ್ಚುಕಟ್ಟಾಗಿ ಸೋಲಬಲ್ಲ ಮನುಷ್ಯ ಘಟ್ಟದ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಶಿರಸಿಯ ಟೆನಿಸ್ ಕ್ಲಬ್ಬಿನಲ್ಲಿ ಅವನು ಮಾರ್ಕರ್. ಎಂದರೆ, ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿ, ಉರುಳುಗಲ್ಲು ಎಳೆದು, ಸುಣ್ಣದ ಗೆರೆ ಹಾಕಿ, ಸಂಜೆ ಜೊತೆಗಾರ ಸಿಗದ ಮೆಂಬರರ ಎದುರು ಬರಿಗಾಲಲ್ಲಿ ಆಡಿ, ಸೋತು, ಸಲಾಮು ಹೊಡೆದು, ಚೆಂಡುಗಳನ್ನು ಹೆಕ್ಕಿಕೊಂಡು ಹೋಗುವವನು. ಮೊನ್ನೆ ಮೊನ್ನೆ ರಾಕೆಟ್ ಹಿಡಿದ ವಕೀಲರ ಎದುರೂ ಆರು–ನಾಲ್ಕರ ಸೋಲು, ಪುಣೆಯಲ್ಲಿ ಆಡಿ ಪಳಗಿದ ಡಾಕ್ಟರರ ಎದುರೂ ಆರು–ನಾಲ್ಕರ ಸೋಲು. ಅದಕ್ಕಿಂತ ಬೇಗ ಸೋತರೆ ಗೆದ್ದವರಿಗೆ ಗೆಲುವಿನ ರುಚಿ ಹತ್ತದು, ಇನ್ನೂ ಎಳೆದರೆ ಪಾಪ, ಅವರಿಗೆ ದಮ್ಮು ಹತ್ತೀತು.

ಆಸಾಮಿ ಸಣಕಲ. ನಡೆಯುವಾಗ ಎಡಭುಜ ತುಸು ಮೇಲೆ, ನೋಟ ಸದಾ ನೆಲದ ಗೆರೆಯ ಮೇಲೆ. ಯಾವನೋ ಫಾರೆಸ್ಟ್ ಸಾಹೇಬ ಬಿಟ್ಟುಹೋದ, ಬೆರಳ ತುದಿಯವರೆಗೂ ತೋಳು ಜೋಲುವ ಉಣ್ಣೆಯ ಕೋಟನ್ನು ಚೈತ್ರದ ಧಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಮೆಂಬರರ ಚೆಂಡು ಬೇಲಿ ಹಾರಿ ಸಂತೆಪೇಟೆಯ ದಾರಿ ಹಿಡಿದರೂ ಅವನ ಬಾಯಲ್ಲಿ ಒಂದೇ ಮಾತು: “ಹೊಡೆತ ಭಾರೀ ಆಯ್ತು ಸಾಹೇಬ್ರೆ, ಅಂಗಳನೇ ಸಣ್ಣದು.”

ಇವನನ್ನು ನೋಡಿ ರಕ್ತದೊತ್ತಡ ಏರಿಸಿಕೊಳ್ಳುತ್ತಿದ್ದವರು ಕ್ಲಬ್ಬಿನ ಸೆಕ್ರೆಟರಿ ಚನ್ನಯ್ಯನವರು. ಮಾಮಲೇದಾರ ಕಚೇರಿಯಲ್ಲಿ ಅವ್ವಲ್ ಕಾರಕೂನರು, ಎಂದರೆ ಹಿರಿಯ ಗುಮಾಸ್ತರು; ಸತ್ಯದ ವಿಷಯದಲ್ಲಿ ಸ್ವಲ್ಪ ಅತಿರೇಕದ ಮನುಷ್ಯ. ಒಂದು ಮುಂಜಾನೆ ವಾಯುಸೇವನೆಗೆಂದು ಆ ಕಡೆ ಹೋದವರು, ಅಂಗಳದ ಆಚೆ ಮೂಲೆಯಲ್ಲಿ ಒಂದು ಹಲಸಿನೆಲೆ ಇಟ್ಟು ಚಾಂದ್ ಪಾಷಾ ಒಬ್ಬನೇ ಚೆಂಡು ಹೊಡೆಯುವುದನ್ನು ಕಂಡರು. ಹತ್ತು ಹೊಡೆತಕ್ಕೆ ಒಂಬತ್ತು ಎಲೆಯ ಮೇಲೆಯೇ ಬಿದ್ದವು. ಅಂದಿನಿಂದ ಅವರಿಗೆ ನೆಮ್ಮದಿ ಎಂಬುದು ಉಳಿಯಲಿಲ್ಲ. “ಎಂತಕ್ಕೋ ಸೋಲ್ತೆ ನೀನು?” ಎಂದು ಕೇಳಿದರೆ, “ವಯಸ್ಸಾಯ್ತಲ್ಲ ಸಾಹೇಬ್ರೆ” ಎನ್ನುತ್ತಿದ್ದ. ಆಗಿನ್ನೂ ಅವನಿಗೆ ಮೂವತ್ತೆರಡು!

ಅರಣ್ಯ ಇಲಾಖೆಯ ಇಂಗ್ಲಿಷ್ ಅಧಿಕಾರಿಗಳು ತಮ್ಮ ಸಂಜೆ ಕಳೆಯಲು ಕಟ್ಟಿಕೊಂಡ ಕ್ಲಬ್ಬು ಅದು. ದೇಶೀಯರನ್ನು ಮೆಂಬರರಾಗಿ ಸೇರಿಸಿಕೊಂಡು ಏಳೇ ವರ್ಷವಾಗಿತ್ತು. ಮಾರ್ಕರ್ ಆದವನು ವರಾಂಡದ ಮೆಟ್ಟಿಲನ್ನೂ ಹತ್ತುವಂತಿರಲಿಲ್ಲ. ಹೀಗಿರುವಾಗ, ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಕಾರವಾರದವರ ಜೊತೆ ಪಂದ್ಯ ಗೊತ್ತಾದಾಗ, ಚಾಂದ್ ಪಾಷಾನನ್ನು ನಮ್ಮ ಪರವಾಗಿ ಆಡಿಸಬೇಕೆಂದು ಚನ್ನಯ್ಯನವರು ಹಟ ಹಿಡಿದರು. ಮೂರು ತಿಂಗಳು ಅಧ್ಯಕ್ಷ ಸಾಹೇಬನ ಬಂಗಲೆಗೆ ಎಡತಾಕಿದರು. ಕಡೆಗೆ ಬೇಸತ್ತ ಸಾಹೇಬ ನಕ್ಕು ಒಪ್ಪಿದ. ಅಷ್ಟೇ ಅಲ್ಲ, ಗೆದ್ದರೆ ಅವನ ಹೆಸರನ್ನು ಮೆಂಬರರ ಪಟ್ಟಿಯಲ್ಲಿ ಸೇರಿಸುವುದಾಗಿಯೂ ಮಾತು ಕೊಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಇಬ್ಬರೂ ಕೊಟ್ಟರು.

ಪಂದ್ಯದ ದಿನ ನಾಲ್ಕು ಆಟ ಮುಗಿದು ಎರಡೂ ಕಡೆ ಸಮಸಮ. ಉಳಿದದ್ದು ಕಡೆಯ ಒಂದು ಸೆಟ್ಟು: ಕಾರವಾರದ ತರುಣ ಎಂಜಿನಿಯರನ ಎದುರು ಚಾಂದ್ ಪಾಷಾ. ಚನ್ನಯ್ಯನವರ ಕ್ಯಾನ್ವಾಸ್ ಬೂಟಿನೊಳಗೆ ಚಿಂದಿ ತುರುಕಿ ತೊಟ್ಟಿದ್ದ. ನೋಡನೋಡುತ್ತ ನಾಲ್ಕು–ಎರಡಕ್ಕೆ ಮುಂದಾದ. ವರಾಂಡದಲ್ಲಿ ವಕೀಲರು ಎದ್ದು ನಿಂತರು, ಡಾಕ್ಟರರು ಚಹದ ಬಟ್ಟಲು ಕೆಳಗಿಟ್ಟು ಕೆಂಪಾದರು. ಚೆಂಡು ಹೆಕ್ಕಲು ಬಗ್ಗಿದ ಚಾಂದ್ ಪಾಷಾ ತಲೆಯೆತ್ತಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಅವನು ಹೊಡೆದದ್ದೆಲ್ಲ ಗೆರೆಯಿಂದ ಒಂದೊಂದೇ ಬೆರಳು ಆಚೆ ಬಿತ್ತು. ಆರು–ನಾಲ್ಕು. ಪಂದ್ಯವೂ ಹೋಯಿತು, ಮೆಂಬರಿಕೆಯೂ ಹೋಯಿತು.

“ಎಂತ ಮಾಡ್ದೆ ಮಾರಾಯಾ!” ಚನ್ನಯ್ಯನವರು ಬೇಲಿಯ ಹತ್ತಿರ ಅವನನ್ನು ಹಿಡಿದು ಹಾರಾಡಿದರು. “ಮೂರು ತಿಂಗಳು ಚಪ್ಪಲಿ ಸವೆಸಿದ್ದು ಇದನ್ನ ನೋಡೋಕಾ?”

ಚಾಂದ್ ಪಾಷಾ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. “ಆ ಎಂಜಿನಿಯರ್ ಸಾಹೇಬ್ರು ಚಲೋ ಆಟಗಾರ್ರು. ಅಂಥವ್ರನ್ನೇ ಸೋಲಿಸಿಬಿಟ್ರೆ, ಇಷ್ಟು ವರ್ಷ ನನ್ನ ಗೆದ್ದವ್ರ ಗತಿ ಎಂತ? ಡಾಕ್ಟರ್ ಸಾಹೇಬ್ರು ಗೆದ್ದೆ ಅಂತ ಮಗಳ ಎದುರು ಹೇಳ್ಕೊಂಡಾರೆ. ಆ ಗೆಲುವೆಲ್ಲ ಸುಳ್ಳು ಅಂತ ಅವ್ರಿಗೆ ಗೊತ್ತಾಗಿಬಿಡ್ತದೆ.”

“ಅವರ ಮಾತು ಅತ್ಲಾಗಿರ್ಲಿ!” ಚನ್ನಯ್ಯನವರ ದನಿ ಯಾಕೋ ಸ್ವಲ್ಪ ಇಳಿಯಿತು. “ನಾನು ಯುಗಾದಿ ದಿನ ನಿನ್ನ ಎದುರು ಆಡಿ ಗೆದ್ದದ್ದು? ಅದು ಖರೇ ಆಟ ಹೌದಲ್ಲ?”

ಚಾಂದ್ ಪಾಷಾ ಅರೆಕ್ಷಣವೂ ತಡಮಾಡಲಿಲ್ಲ. “ಹೌದು ಸಾಹೇಬ್ರೆ. ಅದು ಖರೇ.”

ಚನ್ನಯ್ಯನವರಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಕಾಲು ಮುಟ್ಟಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಬೂಟು ಎತ್ತಿಕೊಂಡು ಮನೆಗೆ ಹೋದರು.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಗೆದ್ದವರ ಹೆಸರು ಹಲಗೆಯೇರುತ್ತದೆ. ಆ ಗೆಲುವನ್ನು ಅಳತೆ ಮಾಡಿ ಹೊಲಿದುಕೊಟ್ಟವರ ಹೆಸರು ಯಾವ ಕ್ಲಬ್ಬಿನ ಇತಿಹಾಸದಲ್ಲೂ ಬರುವುದಿಲ್ಲ. ಅವರ ಮೇಲೆ ನಮಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬರುತ್ತದೆ, ನಿಜ. ಅವರ ಕರುಣೆಯಲ್ಲಿ ನಮ್ಮ ಮಾನ ಉಳಿದಿದೆಯೆಂದು ಒಪ್ಪಿಕೊಳ್ಳುವುದಕ್ಕಿಂತ ಸಿಟ್ಟಾಗುವುದೇ ಸುಲಭ.