ಆತ್ರಿ ಅಕ್ಕಾ

‘ಆತು’ ಅನ್ನೋ ಮಾತು ಕಿವಿಗೆ ಬಿದ್ರ ಸಾಕು, ದುರ್ಗಾಗ ಮೈಯೆಲ್ಲಾ ಉರೀತದ. ಅಲ್ರೀ, ಮಾನ್ವಿ ಮಂದಿಗೆ ಈ ಒಂದು ಮಾತು ಬಿಟ್ರ ಬ್ಯಾರೆ ಮಾತೇ ಬರಂಗಿಲ್ಲೇನು? ಕೆಲಸ ಮುಗದ್ರೂ ಆತು. ಮಾಡ್ತೀನಿ ಅನ್ನಾಕೂ ಆತು. ಮಾಡಂಗಿಲ್ಲ ಅಂತ ಮಾರಿಗೆ ಹೊಡದಂಗ ಹೇಳಾಕ ನಾಚಿಕಿ ಬಂದ್ರೂ ಆತು. “ಸಿಲಿಂಡರ್ ಖಾಲಿ ಆಗ್ಯಾದ, ಬುಕ್ ಮಾಡ್ರಿ” ಅಂದ್ರ ಗಂಡ ಹುಲಿಗೇಶ ಪೇಪರಿನಾಗಿಂದ ಮಾರಿ ಎತ್ತಲಾರದ “ಆತು” ಅಂತಾನ. ಮರುದಿನ ಒಲಿ ಹತ್ತಂಗಿಲ್ಲ. ಕೇಳಾಕ ಹೋದ್ರ “ಆತು ಅಂದಿದ್ನಲ್ಲ!” ಅಂತ ಆಕಿಗೇ ತಿರುಗಿ ಬೀಳ್ತಾನ.

ಮನಿದು ಹಾಳಾಗಿ ಹೋಗ್ಲಿ. ಓಣಿದರೆ ನೆಟ್ಟಗದ ಅಂತೀರೇನು?

ದುರ್ಗಾ ಬಾವಿಕಟ್ಟಿ ಓಣಿಯಿಂದ ಆರಿಸಿ ಬಂದ ಪುರಸಭಾ ಸದಸ್ಯೆ. ಕೂಲಿ ಮಾಡೋರ ಮಗಳು, ಟೀಚರ್ ಟ್ರೇನಿಂಗ್ ಮಾಡಿದಾಕಿ. ಓಟು ಕೇಳಾಕ ಹೋದಾಗ ಉಳಿದವರಂಗ ಸ್ವರ್ಗ ಇಳಸ್ತೀನಿ ಅನ್ಲಿಲ್ಲ. “ಆಗೋದಿದ್ರ ಆಗ್ತದ ಅಂತೀನಿ, ಆಗಲಾರದ್ದು ಆಗಂಗಿಲ್ಲ ಅಂತೀನಿ. ಸುಳ್ಳು ಮಾತ್ರ ಹೇಳಂಗಿಲ್ಲ” ಅಂದಳು. ಅದೊಂದು ಮಾತಿನ ಮ್ಯಾಗ ಆರಿಸಿ ಬಂದಳು. ಆವತ್ತಿಂದ ದಿನಾ ಮುಂಜಾನಿ ಚಹಾ ಕುಡಿಯೋಕಿಂತ ಮೊದಲ ಓಣಿ ವಾಟ್ಸಾಪ್ ಗ್ರೂಪಿನಾಗ ಆಕಿ ದನಿ ಬರಬೇಕು. ನಳದಾಗ ನೀರು ಯಾವಾಗ ಬರ್ತದ, ಕರೆಂಟ್ ಎಷ್ಟೊತ್ತಿಗೆ ತಗೀತಾರ, ಕಂಬದ ದೀಪ ಯಾಕ ಹತ್ತವಲ್ದು, ಎಲ್ಲಾ ಖಬರ್ ಒಂದೊಂದಾಗಿ ಬಿಡಿಸಿ ಹೇಳ್ತಾಳ.

ಮಂದಿ ಏನಂತಾರ? “ಆತ್ರಿ ಅಕ್ಕಾ.”

“ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ ಮಾಡಿ ಗಾಡಿಗೆ ಹಾಕ್ರಿ.” ಆತ್ರಿ ಅಕ್ಕಾ. ಮರುದಿನ ನೋಡಿದ್ರ ಹಸೀದು ಒಣಾದು ಎಲ್ಲಾ ಕೂಡಿ ಗಟಾರದಾಗ ತೇಲಾಡ್ತಿರ್ತದ. “ನಳಕ್ಕ ಮೋಟಾರ್ ಹಚ್ಚಿ ನೀರು ಜಗ್ಗಬ್ಯಾಡ್ರಿ.” ಆತ್ರಿ ಅಕ್ಕಾ. ಅಂದವನ ಮನಿ ಮೋಟಾರೇ ಎಲ್ಲಾರಕಿಂತ ಮೊದಲ ಗುರ್ ಅಂತದ. ದುರ್ಗಾ ಹೈರಾಣಾಗಿ ಹೋಗಿದ್ದಳು. ಇವರಿಗೆ ಹೇಳೋದೂ ಒಂದೇ, ಕಂಬಕ್ಕ ಹೇಳೋದೂ ಒಂದೇ ಅನಿಸ್ತಿತ್ತು.

‘ಆತು’ ಅನ್ನಲಾರದಾಕಿ ಅಂದ್ರ ಇಡೀ ಓಣ್ಯಾಗ ಒಬ್ಬಾಕಿ. ಮೂಕಮ್ಮ. ಹೆಸರಿಟ್ಟವರ ಬಾಯಿಗೆ ಸಕ್ರಿ ಹಾಕಬೇಕು, ಆ ಮುದುಕಿ ಬಾಯಿ ಮುಚ್ಚಿದ್ದು ಯಾರೂ ನೋಡಿಲ್ಲ. ಆಕಿ ಹತ್ರ ಫೋನಿಲ್ಲ. ಮನಿ ಎದುರಿಗೇ ಸೈಫುದ್ದೀನನ ಸೈಕಲ್ ಅಂಗಡಿ; ಅಂವ ದಿನಾ ಮುಂಜಾನಿ ಫೋನಿನ ದನಿ ಜೋರು ಮಾಡಿ ಆಕಿಗೆ ಕೇಳಸ್ತಿದ್ದ. ಕೇಳಿ ಮುಗಿಸಿ ಮೂಕಮ್ಮ ಒಂದೇ ಮಾತು ಅಂತಿದ್ದಳು: “ಸುಳ್ಳು.”

“ಅಮ್ಮೀ, ಇನ್ನಾ ನೀರೇ ಬಂದಿಲ್ಲ, ಈಗೇ ಹೆಂಗ ಸುಳ್ಳಂತಿ?” ಅಂತ ಸೈಫುದ್ದೀನ ನಗ್ತಿದ್ದ.

“ಹೇಳಾಕ ಬಂದವರು ಬಾಳ ಮಂದಿ ಬಂದು ಹೋಗ್ಯಾರಲೇ. ಜೀಪಿನಾಗ ಮೈಕ್ ಕಟಗೊಂಡು ಹೇಳಿದ್ರು, ಕೈ ಮುಗದು ಹೇಳಿದ್ರು. ನಾ ಕಾಲಿಟ್ಟು ನೋಡಿದ ಮ್ಯಾಗ ನಂಬಾಕಿ.”

ದುರ್ಗಾಗ ಇದು ತಿಳದಾಗ ಸಿಟ್ಟು ಬಂತು. ಆಮ್ಯಾಲ ಹಟ ಹಿಡೀತು. ಈ ಮುದುಕಿ ಒಂದಿನ ‘ಖರೇ’ ಅನ್ನಬೇಕು, ಅಂದ್ರ ನಾ ಆರಿಸಿ ಬಂದಿದ್ದು ಸಾರ್ಥಕ ಅಂದ್ಕೊಂಡಳು. ನೀರು ಬಿಡೋನಿಗೆ ಎರಡೆರಡು ಸಲ ಫೋನ್ ಮಾಡಿ ಖಾತ್ರಿ ಮಾಡ್ಕೊಂಡೇ ಹೇಳಾಕ ಶುರು ಮಾಡಿದಳು. ಬರ್ತದ ಅಂದ ದಿನ ನೀರು ಬಂತು, ಬರಂಗಿಲ್ಲ ಅಂದ ದಿನ ಬರ್ಲಿಲ್ಲ. ಹಿಂಗ ತಿಂಗಳಾನುಗಟ್ಟಲೆ ನಡೀತು. ಒಂದಿನ ನಳದಾಗ ಇನ್ನಾ ಹನಿ ಬಂದಿಲ್ಲ, ಮೂಕಮ್ಮ ಕೊಡ ತೊಳದು ಸಾಲಾಗಿ ಇಟಗೊಂಡು ಕುಂತಿದ್ದಳು. “ಆ ಹುಡುಗಿ ಹೇಳ್ಯಾಳ, ಬರ್ತದ ತಗೊ” ಅಂದಳಂತ. ಸೈಫುದ್ದೀನ ಇದನ್ನ ಬಂದು ಹೇಳಿದಾಗ ದುರ್ಗಾಗ ಕಣ್ಣಾಗ ನೀರೇ ಬಂದ್ವು. ಓಡಿ ಹೋಗಿ ಗಂಡಗ ಹೇಳಿದಳು. ಅಂವ “ಆತು” ಅಂದ.

ಅಷ್ಟರಾಗ ಮೂಲಿ ಮ್ಯಾಲಿನ ಗಟಾರದ ಸ್ಲ್ಯಾಬ್ ಒಡೀತು. ಮೂಕಮ್ಮನ ಮನಿಯಿಂದ ನಳಕ್ಕ ಹೋಗೋ ದಾರಿನೇ ಅದು. ಗಟಾರ ಎದಿಮಟ ಆಳ. “ಹೊಸ ಸ್ಲ್ಯಾಬ್ ಬೀಳೋತನಕ ಸರಕಾರಿ ಸಾಲಿ ಕಡಿಂದ ಸುತ್ತಿ ಹೋಗ್ರಿ” ಅಂತ ದುರ್ಗಾ ಹೇಳಿದಳು. ಆತ್ರಿ ಅಕ್ಕಾ ಅಂದವರೆಲ್ಲಾ ಗಟಾರ ಜಿಗದೇ ಓಡಾಡಿದ್ರು. ಖರೇವಂದ್ರ ಸುತ್ತಿ ಹೋದಾಕಿ ಮೂಕಮ್ಮ ಒಬ್ಬಾಕೆ, ಕೊಡ ಬಗಲಾಗ ಇಟಗೊಂಡು, ಓಣಿಗೆಲ್ಲಾ ಬೈಕೋಂತ.

ಕೆಲಸ ಹಿಡದಾಂವ ಸಿರವಾರದ ಗುತ್ತೇದಾರ, ಹೆಸರು ಆದೆಪ್ಪ. ಹೆಸರಿನಾಗಷ್ಟೇ ಆಗೋದು, ಅವನ ಕೈಲೆ ಏನೂ ಆಗ್ತಿರಲಿಲ್ಲ. ದುರ್ಗಾ ದಿನಾ ಫೋನ್ ಹಚ್ಚತಿದ್ದಳು, ಅಂವ ದಿನಾ ದಾರ್ಯಾಗಿರ್ತಿದ್ದ. ಕಡೀಗೊಂದು ದಿನ ಆಕಿ ರಾಯಚೂರಿನಾಗ ಮೀಟಿಂಗ್ ಮುಗಿಸಿ ಬಸ್ಸಿನಾಗ ಬರಾಕತ್ತಿದ್ದಳು. ಬಸ್ ಕಲ್ಲೂರು ದಾಟಿತ್ತು. ಆದೆಪ್ಪನ ಫೋನ್ ಹತ್ತಿತು.

“ಆದೆಪ್ಪಾರ, ಸ್ಲ್ಯಾಬಿಂದು ಏನಾತ್ರಿ?”

“ಆತ್ರಿ ಮೇಡಂ.”

“ಆತಾ? ಖರೇ?”

“ಆತ್ರಿ, ಆತು! ನೀವೇನ್ ಫಿಕರ್ ಮಾಡಬ್ಯಾಡ್ರಿ.”

ದುರ್ಗಾಗ ಖುಷಿ ತಡೀಲಿಲ್ಲ. ಯಾರಿಗರೆ ಒಂದು ಮಾತು ಕೇಳಬೇಕಿತ್ತಲ್ಲ? ಕೇಳ್ಲಿಲ್ಲ. ನೀರಿನ ಖಬರಿಗೆ ಎರಡೆರಡು ಸಲ ಖಾತ್ರಿ ಮಾಡ್ಕೊಳ್ಳಾಕಿ, ಆವತ್ತು ಬಸ್ಸಿನ ಗದ್ದಲದಾಗೇ ಫೋನ್ ಬಾಯಿಗೆ ಹಿಡದು ಹೇಳೇಬಿಟ್ಟಳು: “ಮೂಲಿ ಗಟಾರದ ಸ್ಲ್ಯಾಬ್ ಆತು. ಇನ್ನ ಸುತ್ತಿ ಹೋಗೋದು ಬ್ಯಾಡ.”

ಆತ್ರಿ ಅಕ್ಕಾ. ಆತ್ರಿ ಅಕ್ಕಾ. ಕೈ ಮುಗಿಯೋ ಚಿತ್ರ. ಹೂವಿನ ಚಿತ್ರ.

ಸೈಫುದ್ದೀನ ಮೂಕಮ್ಮಗ ಕೇಳಿಸಿ, ಅಂಗಡಿ ಬಾಗಿಲಾ ಹಾಕ್ಕೊಂಡು ದೇವದುರ್ಗಕ್ಕ ಮದುವಿಗೆ ಹೋದ. ಗಟಾರದ ಮ್ಯಾಗ ಏನಿತ್ತು ಅಂದ್ರ, ಆದೆಪ್ಪನ ಆಳುಗಳು ಕಾಂಕ್ರೀಟ್ ಹಾಕಾಕಂತ ತೆಳ್ಳನ ಹಲಗಿ ಹಾಸಿ, ಮ್ಯಾಗ ಖಾಲಿ ಸಿಮೆಂಟ್ ಚೀಲ ಹರವಿ ಹೋಗಿದ್ರು. ಸಂಜಿಮುಂದ ಮೂಕಮ್ಮ ಕೊಡ ತಗೊಂಡು ನೆಟ್ಟಗ ಬಂದಳು. ಊರೋ ಬಡಿಗಿಲೆ ಒಮ್ಮಿ ಬಡದು ನೋಡಲಿಲ್ಲ, ಕಾಲಿಂದ ಒತ್ತಿ ನೋಡಲಿಲ್ಲ. ಹುಡುಗಿ ಹೇಳ್ಯಾಳಲ್ಲ. ಹಲಗಿ ಮುರೀತು, ಕೊಡದ ಸಮೇತ ಒಳಗ ಬಿದ್ದಳು.

ದುರ್ಗಾ ಬಸ್ ಇಳದಾಕಿ ಸೀದಾ ದವಾಖಾನಿಗೆ ಓಡಿದಳು. ಮುದುಕಿ ಬಲಗೈ ಮುರದಿತ್ತು, ಪಟ್ಟಿ ಹಾಕಾಕತ್ತಿದ್ರು. ಬಾಯಿ ಸುತ್ತ ಇನ್ನಾ ಕೆಸರಿತ್ತು. ಬೈತಾಳ, ಓಣಿ ಎದ್ದು ನಿಲ್ಲೋಹಂಗ ಬೈತಾಳ ಅಂತ ದುರ್ಗಾ ತಲಿ ಬಗ್ಗಿಸಿ ನಿಂತಳು. ಮೂಕಮ್ಮ ಬೈಲಿಲ್ಲ.

“ನೀ ಆತು ಅಂದಿದ್ದಿಯಲ್ಲವ್ವಾ” ಅಂದಳು.

“ಅಂವ ಹಂಗಂದ ಯವ್ವಾ. ಆದೆಪ್ಪ ಆತು ಅಂದ, ಅದಕ್ಕ...”

“ಅಂವ ಅಂದಿದ್ದು ನನಗೇನ್ ಗೊತ್ತು? ನಾ ಕೇಳಿದ್ದು ನಿನ್ನ ದನಿ.”

ದುರ್ಗಾ ಹೊರಗ ಬಂದು, ದವಾಖಾನಿ ಗೇಟಿನಾಗೇ ನಿಂತು, ಆದೆಪ್ಪಗ ಬಾಯಿಗೆ ಬಂದಂಗ ಬೈದಳು. ಅಂವ ಪೂರಾ ಕೇಳಿಸ್ಕೊಂಡು ಸಾವಕಾಶ ಅಂದ, “ಮೇಡಂ, ನಾ ಆತು ಅಂದೆ. ಆಗ್ಯಾದ ಅಂದ್ನೇನ್ರಿ? ನಾಳೆ ಹಾಕ್ತೀನಿ ಅನ್ನೋ ಅರ್ಥದಾಗ ಆತು ಅಂದೆ. ನೀವು ಮಾತಾಡಂಗಿಲ್ಲೇನು ಹಂಗ?”

ಮಾತಾಡ್ತಾಳ. ದಿನಾ ಮಾತಾಡ್ತಾಳ. ಫೋನ್ ಕಟ್ ಮಾಡಿದಳು. ಇನ್ನೂ ಹೊಟ್ಟಿ ಉರಿದಿದ್ದು ಯಾವದಕ್ಕಂದ್ರ, ಗ್ರೂಪಿನಾಗ ಆತ್ರಿ ಅಕ್ಕಾ ಅಂದವರ ಹೆಸರು ನೋಡಿದಳು. ಅರ್ಧಕ್ಕರ್ಧ ಮಂದಿ ಮನಿ ಬಾಗಿಲು ಆ ಗಟಾರದ ಕಡಿಗೇ ಇದ್ವು. ಬರೇ ಹಲಗಿ ಅದ ಅಂತ ಕಣ್ಣೀಲೆ ಕಂಡಿದ್ರು. ‘ಅಕ್ಕಾ, ಇನ್ನಾ ಆಗಿಲ್ಲ’ ಅಂತ ಒಬ್ಬನಾದ್ರೂ ಅಂದಿದ್ರ? ಬಾಯಾಗ ಏನಿಟಗೊಂಡಿದ್ರು ಇವರು?

ಮರುದಿನ ಮುಂಜಾನಿ ಗ್ರೂಪಿನಾಗ ಹೇಳಿದಳು: “ನಿನ್ನೆ ನಾ ಹೇಳಿದ್ದು ಸುಳ್ಳಾತು. ನಾ ನೋಡಲಾರದ ಹೇಳಿದೆ. ಮೂಕಮ್ಮನ ಕೈ ನನ್ನಿಂದ ಮುರೀತು.” ಆಮ್ಯಾಲ ಮನಿಯಿಂದ ಕುರ್ಚಿ ತಂದು ಗಟಾರದ ಬಾಜು ಹಾಕ್ಕೊಂಡು ಬಿಸಲಾಗ ಕುಂತಳು. ಆದೆಪ್ಪ ಮಧ್ಯಾಹ್ನ ಬಂದ.

“ಇವತ್ತು ಹಾಕ್ತೀರೋ ಇಲ್ಲೋ?”

“ಆತ್ರಿ ಮೇ...”

“ಆ ಮಾತು ಬಾಯಿಂದ ತಗೀಬ್ಯಾಡ್ರಿ! ಹಾಕ್ತೀನಿ ಅನ್ರಿ, ಇಲ್ಲಾ ಹಾಕಂಗಿಲ್ಲ ಅನ್ರಿ.”

ಆದೆಪ್ಪ ಬಾಯಿ ತಗದ, ಮುಚ್ಚಿದ, ಮತ್ತ ತಗದ. ಆ ಮಾತು ಬಿಟ್ಟು ಮಾತಾಡಾಕ ಅವಗ ಬಾಳ ತ್ರಾಸಾತು. “ಹಾಕ್ತೀನ್ರಿ” ಅಂದ ಕಡೀಗೆ. ಆಕಿ ಕುಂತಿದ್ದಂಗೇ ಕಾಂಕ್ರೀಟ್ ಬಿತ್ತು. ದಿನಾ ಹೋಗಿ ತಾನೇ ನೀರು ಹಾಕಿದಳು. ಬಿಗಿದು ಗಟ್ಟಿ ಆದಮ್ಯಾಗ ಹಲಗಿ ತಗಸಿ ಗ್ರೂಪಿನಾಗ ಹೇಳಿದಳು: “ಮೂಲಿ ಸ್ಲ್ಯಾಬ್ ಹಾಕ್ಯಾರ. ನಾನೇ ಕಣ್ಣೀಲೆ ನೋಡೀನಿ. ಓಡಾಡ್ರಿ.”

ಈ ಸಲ ಆತ್ರಿ ಅಕ್ಕಾ ಬರಲಿಲ್ಲ. ಆಮ್ಯಾಲ ಯಾವನೋ ಒಬ್ಬಾಂವ ಬರದ: “ಮೂಕಮ್ಮ ಕಾಲಿಟ್ಟಾಳೇನ್ರಿ?”

ದುರ್ಗಾಗ ತಲಿ ಧಿಮ್ಮಂತು. ಅಯ್ಯೋ ಇವರ! ಇಷ್ಟು ದಿನ ಗಂಟಲಾ ಹರಕೊಂಡಿದ್ದು ಎಲ್ಲಿಗೆ ಹೋತು? ಫೋನ್ ಹಾಸಿಗಿ ಮ್ಯಾಗ ಒಗದಳು. ಒಲಿ ಮ್ಯಾಗಿನ ಹಾಲು ಉಕ್ಕಿದ್ರೂ ನೋಡಲಿಲ್ಲ. ಒಂದು ಘಳಿಗಿ ಗೋಡಿಗೆ ಮಾರಿ ಮಾಡಿ ಕುಂತಳು. ಆಮ್ಯಾಲ ಎದ್ದು ಅದೇ ಫೋನ್ ತಗೊಂಡು, ಚಪ್ಪಲಿ ಮೆಟಗೊಂಡು ಮೂಕಮ್ಮನ ಮನಿಗೆ ನಡದಳು.

ಮುದುಕಿ ಪಟ್ಟಿ ಹಾಕಿದ ಕೈ ಕೊರಳಿಗೆ ಜೋತು ಬಿಟಗೊಂಡು ಹೊಸ್ತಿಲದಾಗ ಕುಂತಿದ್ದಳು. “ಬಾ ಯವ್ವಾ, ಕಾಲಿಟ್ಟು ನೋಡು” ಅಂದಳು ದುರ್ಗಾ. ಮೂಕಮ್ಮ ಆಕಿ ಮಾರಿ ನೋಡಿದಳು, ಬಡಿಗಿ ತಗೊಂಡು ಎದ್ದಳು. ಇಬ್ರೂ ಮೂಲಿತನಕ ಬಂದ್ರು. ಸ್ಲ್ಯಾಬಿನ ಅಂಚಿಗೆ ಬಂದು ಮುದುಕಿ ನಿಂತಳು.

“ನೀ ಮೊದಲ ನಿಲ್ಲು.”

ದುರ್ಗಾ ಹೋಗಿ ನಟ್ಟ ನಡುವ ನಿಂತಳು. ಒಂದು ಸಲ ಜಿಗದಳು. ಮೂಕಮ್ಮ ಬಡಿಗಿಲೆ ಬಡದು ನೋಡಿ, ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು, ಬಡಿಗಿ ಬಗಲಾಗ ಇಟಗೊಂಡು ಎಡಗೈಯಿಂದ ದುರ್ಗಾನ ಹೆಗಲು ಗಟ್ಟಿ ಹಿಡಕೊಂಡಳು. ದುರ್ಗಾ ಫೋನ್ ಬಾಯಿ ಹತ್ರ ತಂದಳು, ಆ ಹಾಳು ಮಾತು ನಾಲಿಗಿತನಕ ಬಂತು, ನುಂಗಿದಳು. “ಮೂಕಮ್ಮ, ನಾನು, ಇಬ್ರೂ ಸ್ಲ್ಯಾಬಿನ ಮ್ಯಾಗ ನಿಂತೀವಿ” ಅಂದಳು, ಅಷ್ಟೇ.

ಫೋನ್ ಟಿಣ್ ಟಿಣ್ ಅಂತು. ಒಂದರ ಮ್ಯಾಗ ಒಂದು.

“ಏನಂತಾರ ಬೇ?” ಅಂದಳು ಮೂಕಮ್ಮ.

ದುರ್ಗಾ ನೋಡಿ ಹಲ್ಲು ಕಡದಳು. “ಆತು ಅಂತಾರ.”

“ಯಾವ ಆತು?”

“ಗೊತ್ತಿಲ್ಲ ಯವ್ವಾ” ಅಂದಳು ದುರ್ಗಾ. ಖರೇನೇ ಹೇಳಿದಳು.