ಕೂಲಿಯವರ ಸೀಟು

"ನಿನ್ನ ಮಗಳು ಎಂಎಸ್ಸಿ ಓದಿ ಏನೇ ಕಿಸೀತಾಳೆ? ನನ್ನ ಈರುಳ್ಳಿಗೆ ಎಷ್ಟು ರೇಟು ಕಟ್ಟಬೇಕು ಅಂತ ನಂಗೇ ಪಾಠ ಹೇಳ್ತಾಳಾ?"

ಧಣಿ ಕೂತಲ್ಲೇ ಕಾಲು ಚಾಚಿದ. ಕತ್ತರಿಯಕ್ಕ ಆ ಕಾಲಿಗೆ ತಗುಲದಂತೆ ಹಿಂದಕ್ಕೆ ಸರಿದಳು. ಈರುಳ್ಳಿಯ ಜುಟ್ಟನ್ನು ಅವಳಷ್ಟು ಚುರುಕಾಗಿ ಕತ್ತರಿಸುವವರು ಆ ಶೆಡ್ಡಿನಲ್ಲಿ ಇನ್ನೊಬ್ಬರಿಲ್ಲ. ಹಾಗಾಗಿ ಆ ಹೆಸರು. ಮಗಳು ಪಟ್ಟಣದ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಮುಗಿಸಿ, ಕೃಷಿ ಅರ್ಥಶಾಸ್ತ್ರದ ಎಂಎಸ್ಸಿಗೆ ಅರ್ಜಿ ಹಾಕಿದ್ದಳು. ಕೂಲಿಯವರ ಮಕ್ಕಳಿಗೆಂದು ಅಲ್ಲಿ ಒಂದು ಸೀಟಿತ್ತು. ಅದಕ್ಕೆ, ಇವಳ ತಾಯಿ ನನ್ನಲ್ಲಿ ಕೂಲಿಗಿದ್ದಾಳೆ ಎಂದು ಧಣಿ ಬರೆದುಕೊಡಬೇಕು. ಕಾಲೇಜಿನವರು ಫೋನು ಮಾಡಿ ಕೇಳಿದಾಗ ಹೌದೆನ್ನಬೇಕು.

ಕತ್ತರಿಯಕ್ಕ ಆ ಕಾಗದ ಕೇಳಿ ಎಷ್ಟೋ ದಿನವಾಗಿತ್ತು. ಧಣಿ ಅವಳನ್ನು ಕರೆಸಿದ್ದು ಮಾತ್ರ ಶೆಡ್ಡಿನಲ್ಲಿ ರಂಪವಾದ ದಿನದ ಮುಸ್ಸಂಜೆ.

ಹೆಂಗಸರು ಎದ್ದೆದ್ದು ಹೋಗಿ ಹೊತ್ತು ಕಳೆಯುತ್ತಾರೆಂದು ಅವನು ಕಕ್ಕಸಿಗೆ ಬೀಗ ಜಡಿಸಿದ್ದ. ಊಟದ ಬಿಡುವಿನಲ್ಲಿ ಮಾತ್ರ ತೆಗೆಯುವುದು. ಕತ್ತರಿಯಕ್ಕನ ನಾದಿನಿಗೆ ಮೂತ್ರದ ತೊಂದರೆ. ಅವಳು ಕೀಲಿಗಾಗಿ ಮೇಸ್ತ್ರಿಯ ಹಿಂದೆ ಮುಂದೆ ಸುತ್ತಿ, ಅಂಗಲಾಚಿ, ಕೊನೆಗೆ ತಕ್ಕಡಿಯ ಹತ್ತಿರ ನಿಂತಲ್ಲೇ ಸೀರೆ ಒದ್ದೆ ಮಾಡಿಕೊಂಡಳು. ಮೂಟೆ ಹೊರುವ ಗಂಡಸರು ಕಿಸಕ್ಕನೆ ನಕ್ಕರು. ಧಣಿ ಬಂದು ನೋಡಿ, "ಈ ಮುಂಡೇನೂ ಈರುಳ್ಳಿ ಜೊತೆ ಬಿಸಿಲಿಗೆ ಹರಡ್ರೋ, ಒಣಗ್ಲಿ" ಅಂದ.

ಕೆಲಸ ಬಿಟ್ಟು ಮನೆಗೆ ಹೋಗುವ ದಾರಿಯಲ್ಲೇ ಮಾತಾಯಿತು. ಬೀಗ ತೆಗೆಯುವ ತನಕ ಗೇಟಿನ ಹೊರಗೇ ನಿಲ್ಲುವುದು. ಮೊದಲು ನಾನು ನಿಲ್ಲುತ್ತೇನೆ ಎಂದವಳು ಕತ್ತರಿಯಕ್ಕನೇ. ಮಗಳಿಗೆ ಫೋನು ಮಾಡಿ ಹೆಮ್ಮೆಯಿಂದ ಹೇಳಿಕೊಂಡೂ ಇದ್ದಳು.

ಅವಳನ್ನು ಕರೆಸುವ ಹೊತ್ತಿಗೆ ಆ ಸುದ್ದಿ ಧಣಿಗೆ ಮುಟ್ಟಿತ್ತು. ಅವನು ಕಾಗದಕ್ಕೆ ಸಹಿ ಹಾಕಿದ. ಕೊಡದೆ ಅಂಗೈಯಡಿ ಒತ್ತಿಹಿಡಿದ.

"ನಾಳೆ ನೀನು ಕೆಲ್ಸಕ್ಕೆ ಬರ್ಬೇಕು. ಹಿಂದಿನ ಬಾಗ್ಲಿಂದ ಕದ್ದು ಬರೋದಲ್ಲ. ಮುಂದಿನ ಗೇಟಿಂದ, ಆ ಬೇವರ್ಸಿಗಳ ಮಧ್ಯದಿಂದ್ಲೇ ಹಾದು ಬರ್ಬೇಕು."

ಬೆಳಿಗ್ಗೆ ಅವಳು ಹಾದು ಬಂದಳು. ತಲೆಯ ಮೇಲೆ ಸೆರಗೆಳೆದುಕೊಂಡು, ಯಾರ ಮುಖವನ್ನೂ ನೋಡದೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಯಾರೂ ಬೈಯಲಿಲ್ಲ. ನಾದಿನಿ ಮಾತ್ರ, "ಅತ್ತಿಗೆ, ಮರೆತು ಹೊರಟ್ಯಾ? ನಾವಿಲ್ಲಿದ್ದೀವಿ" ಅಂದಳು, ನಿಜಕ್ಕೂ ಮರೆವೇ ಇರಬಹುದೆಂಬಂತೆ. ಕತ್ತರಿಯಕ್ಕ ತಿರುಗಲಿಲ್ಲ. ಅವಳ ಬೆನ್ನ ಹಿಂದೆಯೇ ಇನ್ನೂ ನಾಲ್ಕೈದು ಜನ ತಲೆ ತಗ್ಗಿಸಿ ಒಳಗೆ ಬಂದರು. ಅವಳೇ ಹೋದ ಮೇಲೆ ನಮ್ಮದೇನು ಎಂದುಕೊಂಡಿರಬೇಕು.

ಧಣಿ ಅವಳನ್ನು ಕರೆದು ಕಕ್ಕಸಿನ ಕೀಲಿಯನ್ನು ಅವಳ ಕೈಗೇ ಹಾಕಿದ. ಇವತ್ತು ಎಷ್ಟು ಸಲ ಬೇಕಾದರೂ ಹೋಗು ಅಂದ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಶಿಯ ಮುಂದೆ ಕೂತಳು. ತಂತಿ ಬೇಲಿಯ ಆಚೆ, ಬಿಸಿಲಿನಲ್ಲಿ, ನಾದಿನಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದುದು ಕಾಣುತ್ತಿತ್ತು. ಕತ್ತರಿಯಕ್ಕನಿಗೂ ಕಿಬ್ಬೊಟ್ಟೆ ಬಿಗಿದು ನೋಯತೊಡಗಿತು. ಏಳಲಿಲ್ಲ. ಸಂಜೆ ಕೀಲಿಯನ್ನು ಮೇಸ್ತ್ರಿಗೆ ಹಿಂದಿರುಗಿಸಿದಾಗ ಅದು ಒತ್ತಿದ ಕಲೆ ಸೊಂಟದ ಮೇಲೆ ಕೆಂಪಗೆ ಉಳಿದಿತ್ತು.

ಅವತ್ತೇ ಮಗಳ ಸಂದರ್ಶನ. ಕಾಗದದ ಫೋಟೋ ಬೆಳಿಗ್ಗೆಯೇ ಮೇಸ್ತ್ರಿಯ ಫೋನಿನಿಂದ ಕಾಲೇಜಿಗೆ ಹೋಗಿತ್ತು. ದೀಪ ಹಚ್ಚುವ ಹೊತ್ತಿಗೆ ಹುಡುಗಿ ಮನೆಗೆ ಬಂದಳು. ಚಪ್ಪಲಿ ಬಿಡುವಷ್ಟೂ ತಾಳ್ಮೆಯಿಲ್ಲದೆ ಹೇಳತೊಡಗಿದಳು. ಬೆಲೆ, ಬೇಡಿಕೆ, ದಾಸ್ತಾನು ಎಲ್ಲ ಕೇಳಿದರಂತೆ. ಎಲ್ಲಕ್ಕೂ ಉತ್ತರ ಕೊಟ್ಟಳಂತೆ. ಕೊನೆಗೆ ಒಬ್ಬರು, ಈರುಳ್ಳಿ ಶೆಡ್ಡುಗಳಲ್ಲಿ ಹೆಣ್ಣಾಳುಗಳು ಯಾಕೆ ನಿಲ್ಲುವುದಿಲ್ಲ ಎಂದು ಕೇಳಿದರಂತೆ.

"ನಾನು ಹೇಳ್ಬಿಟ್ಟೆ ಕಣಮ್ಮ. ಕಕ್ಕಸಿಗೆ ಬೀಗ ಹಾಕ್ತಾರೆ ಸಾರ್, ಅದಕ್ಕೇ ಇವತ್ತು ನಮ್ಮಮ್ಮ ಎಲ್ಲರಿಗಿಂತ ಮುಂದೆ ಗೇಟಲ್ಲಿ ನಿಂತಿದ್ದಾಳೆ ಅಂತ. ಒಬ್ಬ ನಕ್ಕ. ನಂಗೇನೂ ನಾಚಿಕೆ ಆಗ್ಲಿಲ್ಲ."

ಕತ್ತರಿಯಕ್ಕ ತಟ್ಟೆಗೆ ಅನ್ನ ಬಡಿಸುತ್ತಿದ್ದಳು. ಇಲ್ಲ ಮಗಳೇ ಎನ್ನಲು ಬಾಯಿ ತೆರೆದಳು. ಇನ್ನೂ ಸ್ವಲ್ಪ ಹಾಕ್ಲಾ ಎಂದಷ್ಟೇ ಹೊರಬಂತು. ಬೆಳಿಗ್ಗೆ ಬಸ್ಸಿಗೆ ಹೊತ್ತಿದೆ, ನಾನೂ ಬಂದು ಅತ್ತೆಯ ಜೊತೆ ಒಂದು ಗಳಿಗೆ ನಿಂತು ಹೋಗುತ್ತೇನೆ ಎಂದಳು ಹುಡುಗಿ. ಬಿಸಿಲು, ಬೇಡ ಎಂದರೆ ನಕ್ಕಳು.

ಮರುದಿನ ದಾರಿಯುದ್ದಕ್ಕೂ ಮಗಳು ತಾಯಿಯ ಕೈ ಹಿಡಿದೇ ನಡೆದಳು. ಗೇಟು ಹತ್ತಿರವಾದಂತೆ ಹೆಂಗಸರು ಅವರತ್ತ ತಿರುಗಿದರು. ನಾದಿನಿ ಒಮ್ಮೆ ಅತ್ತಿಗೆಯನ್ನು, ಒಮ್ಮೆ ಹುಡುಗಿಯನ್ನು ನೋಡಿದಳು. ಆಮೇಲೆ ಕೊಂಚ ಜರುಗಿ, ಬಾ ಮಗಾ ಎಂದು ಹುಡುಗಿಗೆ ಜಾಗ ಮಾಡಿಕೊಟ್ಟಳು. ಒಬ್ಬಳಿಗೆ ಸಾಲುವಷ್ಟೇ ಜಾಗ.

ಒಳಗಿಂದ ಮೇಸ್ತ್ರಿ ಕೂಗಿದ. "ಏ ಕತ್ತರಿ, ಅಲ್ಲೇನು ನಿಂತ್ಕೊಂಡೆ? ನಿನ್ನೆ ಬಂದಂಗೆ ಸೀದಾ ಬಾ."

ಮಗಳು ತಾಯಿಯ ಕಡೆ ತಿರುಗಿದಳು. "ನಿನ್ನೆ ಒಳಗೆ ಹೋಗಿದ್ಯಾ?"

"ಹೂಂ."

ನಿನ್ನ ಕಾಗದಕ್ಕೋಸ್ಕರ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಆಡಿದರೆ ತನ್ನ ಪಾಪದಲ್ಲಿ ಅರ್ಧ ಮಗಳ ತಲೆಗೆ ಕಟ್ಟಿದಂತೆ. ನುಂಗಿಕೊಂಡಳು. ಆದರೆ ಧಣಿ ಬಾಗಿಲಿಗೆ ಬಂದು, ಎಲ್ಲರಿಗೂ ಕೇಳುವಂತೆ ಅದನ್ನೇ ಆಡಿದ.

"ಇವತ್ತು ನಿನ್ನ ಮಗಳ ಕಾಲೇಜಿಂದ ಫೋನು ಬರುತ್ತೆ ಕಣೇ. ನೀನು ನನ್ನ ಕೂಲಿಯವಳು ಹೌದೋ ಅಲ್ವೋ ಅಂತ ಕೇಳ್ತಾರೆ. ಏನು ಹೇಳ್ಲಿ?"

ಹುಡುಗಿಯ ಕೈ ತಾನಾಗಿ ಬಿಟ್ಟುಹೋಯಿತು. ಅವಳು ಅತ್ತೆ ಬಿಟ್ಟುಕೊಟ್ಟ ಜಾಗಕ್ಕೆ ಸರಿದು ನಿಂತಳು.

"ಗೇಟಿನ ಹೊರಗೆ ನಿಂತಿದ್ದಾಳೆ ಅಂತ ಹೇಳಿ" ಅಂದಳು ಕತ್ತರಿಯಕ್ಕ.

ಅತ್ತ ಇತ್ತ ನೋಡಿದಳು. ಸಾಲಿನಲ್ಲಿ ಯಾರೂ ಸರಿಯಲಿಲ್ಲ. ಖಾಲಿ ಉಳಿದಿದ್ದದ್ದು ಗೇಟಿನ ಬಾಯಿ ಮಾತ್ರ. ಅಲ್ಲಿಗೇ ಹೋಗಿ ನಿಂತಳು. ಮೂಟೆ ತುಂಬಿಕೊಂಡ ಲಾರಿ ಒಳಗಿಂದ ಹೊರಟು ಬಂದು, ಅವಳೆದೆಗೆ ಇನ್ನೇನು ತಾಗುವಷ್ಟರಲ್ಲಿ ನಿಂತು, ಹಾರನ್ ಒತ್ತತೊಡಗಿತು. ಇಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಸರಿಯೇ ಲೌಡಿ ಎಂದು ಡ್ರೈವರು ಕಿಟಕಿಯಿಂದ ತಲೆ ಹಾಕಿ ಬೈದ. ಅವಳು ಸರಿಯಲಿಲ್ಲ. ಹಾರನ್ನಿನ ನಡುವೆ ಒಂದು ಕ್ಷಣ ಬಿಡುವಾದಾಗ, ಯಾರಾದರೂ ತನ್ನ ಪಕ್ಕಕ್ಕೆ ಬರುತ್ತಾರೇನೋ ಎಂದು ಹಿಂದಕ್ಕೆ ಕಿವಿಗೊಟ್ಟಳು. ಯಾವ ಹೆಜ್ಜೆಯ ಸಪ್ಪಳವೂ ಕೇಳಲಿಲ್ಲ.